ಮಾದರಿಯಲ್ಲಿಲ್ಲದ ಕಾರ್ಖಾನೆ

ಪರದೆಯ ಮೇಲೆ ನೊಣವೊಂದು ಕೂತಿದೆ, ಸರಿಯಾಗಿ ಉದ್ದೇಶಗಳು ಎಂಬ ಪದದ ಒತ್ತಕ್ಷರದ ಪಕ್ಕದಲ್ಲಿ, ಅದು ಸರಿದಾಗೆಲ್ಲ ಪದಕ್ಕೆ ಹೊಸದೊಂದು ಒತ್ತು ಮೂಡಿದಂತೆ ಕಾಣುತ್ತದೆ, ಗುಂಗುರು ಅದನ್ನು ನೋಡಿಯೇ ಇಲ್ಲ, ಗುಂಗುರು ಅಂದರೆ ನನ್ನ ಸಹಪಾಠಿ, ಅವನ ಕೂದಲಿಗೆ ಬಿದ್ದ ಹೆಸರು, ತನ್ನ ಪಾಡಿಗೆ ತಾನು ಸಂಶೋಧನೆಯ ಪ್ರಸ್ತಾವನೆ ಓದುತ್ತಿದ್ದಾನೆ, ವಿದ್ಯಾರ್ಥಿಗಳು ಗ್ರಂಥಾಲಯಕ್ಕೆ ಏಕೆ ಬರುವುದಿಲ್ಲ, ಇವನೂ ಬರುವುದಿಲ್ಲ, ತನ್ನನ್ನು ತಾನೇ ಕೇಳಿಕೊಂಡಿದ್ದರೆ ಅಧ್ಯಯನ ಅಲ್ಲಿಗೇ ಮುಗಿಯುತ್ತಿತ್ತು — ಇವನಾದ ಮೇಲೆ ನಾನು, ಕಾಲು ತಾನಾಗಿ ಕುಣಿಯುತ್ತದೆ, ಪಕ್ಕದವಳು ಬೆಂಚು ಅಲ್ಲಾಡ್ತಿದೆ ಕಣೆ ಅಂತಾಳೆ, ಅಲ್ಲಾಡಲಿ. ಮೊದಲ ಸಾಲಿನಲ್ಲಿ ಯಾಕಮ್ಮ ಕೂತಿದ್ದಾರೆ. ಮೇಡಂ ಹೆಸರು ಅದಲ್ಲ, ನಾವು ಇಟ್ಟದ್ದು, ಸಂಶೋಧನಾ ವಿಧಾನದ ಮೊದಲ ತರಗತಿಯಿಂದ ಇವತ್ತಿನವರೆಗೆ ಯಾರು ಏನೇ ಹೇಳಿದರೂ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಯಾಕಮ್ಮ ಅನ್ನುತ್ತಾರೆ, ಹುಡುಗರಾದರೆ ಯಾಕಪ್ಪ, ಗದರಿಕೆಯಲ್ಲ, ನಿಜವಾಗಿಯೂ ಅವರಿಗೆ ಗೊತ್ತಾಗಬೇಕು, ಅದಕ್ಕೇ ಭಯ. ಕಾರ್ಖಾನೆ ಸದ್ದಿನಿಂದ ಕೆಲಸಗಾರರಿಗೆ ತೊಂದರೆ ಆಗುತ್ತೆ ಮೇಡಂ, ಅದನ್ನ ಅಧ್ಯಯನ ಮಾಡ್ತೀನಿ ಎಂದಿದ್ದೆ, ಎಂಥ ತೊಂದರೆ ಎಂದರು, ಕಿವಿ ಕೇಳ್ಸಲ್ಲ ಎಂದೆ, ಕೇಳ್ಸಲ್ಲ ಅಂದ್ರೇನಮ್ಮ, ಯಾವ ಮಾತು, ಎಷ್ಟು ದೂರದಿಂದ, ಮುಖ ನೋಡ್ಕೊಂಡಾ ನೋಡದೇನಾ, ಅಳೆಯೋಕೆ ಬರೋ ಹಾಗೆ ಹೇಳು, ಅಳೆಯೋಕೆ ಬರದೇ ಇದ್ರೆ ಅದು ಪ್ರಶ್ನೆ ಅಲ್ಲ, ಬರೀ ಕೊರಗು. ಆಗ ಮನಸ್ಸಿನಲ್ಲೇ ನಕ್ಕಿದ್ದೆ, ಕೇಳಿಸುವುದಿಲ್ಲ ಎಂದರೆ ಕೇಳಿಸುವುದಿಲ್ಲ, ಅದರಲ್ಲೇನು ಅಷ್ಟೊಂದು ಅಗೆಯುವುದು.

ಅಗೆದದ್ದು ಹೋದ ಭಾನುವಾರ, ನಮ್ಮ ಅಡುಗೆಮನೆಯಲ್ಲೇ. ಪ್ರಶ್ನಾವಳಿಯನ್ನು ಮೊದಲು ಒಬ್ಬಿಬ್ಬರ ಮೇಲೆ ಪ್ರಯೋಗ ಮಾಡಿ ನೋಡಿ, ಪ್ರಶ್ನೆ ಅರ್ಥವಾಗುತ್ತೋ ಇಲ್ಲವೋ ಗೊತ್ತಾಗುತ್ತೆ ಎಂದಿದ್ದರು ಯಾಕಮ್ಮ, ಮನೆಯಲ್ಲೇ ಅಪ್ಪ ಇರುವಾಗ ಹೊರಗೇಕೆ ಅಲೆಯುವುದು, ಮೊಳೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಅಪ್ಪ, ಆ ಯಂತ್ರಗಳು ತಂತಿಯನ್ನು ಕಚ್ಚಿ ಕಚ್ಚಿ ಮೊಳೆ ಉಗುಳುವ ಸದ್ದಿನ ಮೇಲೆ, ಚಾವಣಿಯ ಹತ್ತಿರದ ಗಾಜಿನ ಗೂಡಿನಲ್ಲಿ ಕೂತು, ಕಬ್ಬಿಣದ ತಂತಿಯ ಸುರುಳಿಗಳನ್ನು ಎತ್ತಿ ಇಳಿಸುವವನು, ಚಿಕ್ಕಂದಿನಲ್ಲಿ ನಾನು ಎಲ್ಲರಿಗೂ ನಮ್ಮಪ್ಪ ಆಕಾಶದಲ್ಲಿ ಕೆಲಸ ಮಾಡೋದು ಅಂತ ಕೊಚ್ಚಿಕೊಳ್ಳುತ್ತಿದ್ದೆ. ಅಪ್ಪ ಬಟಾಣಿ ಸುಲಿಯುತ್ತಿದ್ದ. ಕಾಗದ ಎತ್ತಿ ಹಿಡಿದು ಓದಿದೆ, ಓದುವಾಗ ಕಾಗದ ಬಾಯಿಗೆ ಅಡ್ಡ ಬಂದಿತ್ತು, ಅಷ್ಟೇ ಆದದ್ದು, ಎಷ್ಟು ವರ್ಷದಿಂದ ಈ ಕೆಲಸ ಮಾಡ್ತಿದೀರಿ, ಹೂಂ ದಿನಾ ಎಂದ ಅಪ್ಪ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಕಿವಿಗೆ ಹತ್ತಿ ಏನಾದ್ರೂ ಇಟ್ಕೋತೀರಾ, ಮಧ್ಯಾಹ್ನದ ಪಾಳಿ ಎಂದ, ನಗುತ್ತಲೇ, ತಪ್ಪಾಗಿರಬಹುದೆಂಬ ಅನುಮಾನವೂ ಆ ನಗುವಿನಲ್ಲೇ ಇತ್ತು. ಕಾಗದ ಕೆಳಗಿಳಿಸಿದೆ. ಅಪ್ಪ, ಕಿವಿಗೆ ಹತ್ತಿ ಇಟ್ಕೋತೀಯಾ. ಇಲ್ಲ ಕಣೆ, ಒಂದು ದಿನಾನೂ ಇಟ್ಟಿಲ್ಲ. ಮತ್ತೆ ಕಾಗದ ಎತ್ತಿದೆ, ಬೇಕೆಂದೇ, ಅಪ್ಪ ನಾನು ನಾಳೆ ಮದುವೆ ಆಗ್ತಿದೀನಿ ಎಂದೆ, ಹೂಂ ಸಂಜೆ ತರ್ತೀನಿ ಎಂದ. ಒಲೆಯ ಮುಂದೆ ನಿಂತಿದ್ದ ಅಮ್ಮನ ಸೌಟು ನಿಂತಿತು, ಸಾಕು ಬಿಡು ಎಂದಳು ಅಮ್ಮ ನನಗೆ, ಮೆಲ್ಲಗೆ, ಮೆಲ್ಲಗೆ ಹೇಳುವ ಅಗತ್ಯವೇ ಇರಲಿಲ್ಲ. ಈಗ ಗೊತ್ತಾಯ್ತಾ ನಿಂಗೆ, ನಾನು ಯಾವ ಕಾಲದಿಂದ್ಲೋ ಅವರ ಎದುರಿಗೆ ನಿಂತ್ಕೊಂಡೇ ಮಾತಾಡ್ತಿದೀನಿ. ಅದಕ್ಕೇ ಫೋನ್ ಬಂದರೆ ಅಪ್ಪ ಅಮ್ಮನ ಕೈಗೆ ಕೊಡುವುದು, ಅದಕ್ಕೇ ದೀಪ ಹೋದ ಕೂಡಲೇ ಮಾತು ನಿಲ್ಲಿಸಿ ಮಲಗಿಬಿಡುವುದು, ಅಪ್ಪನಿಗೆ ನಿದ್ದೆ ಅಂದುಕೊಂಡಿದ್ದೆ, ಕಿವಿಗಳ ಬಗ್ಗೆ ಇಷ್ಟು ದಪ್ಪ ಪುಸ್ತಕ ಓದಿದವಳು. ಮಾವನಿಗೆ ಗೊತ್ತಾ ಎಂದೆ, ಅಮ್ಮನ ತಮ್ಮ, ಕ್ರೇನಿನ ಕೆಳಗೆ ನಿಂತು ಸುರುಳಿಗೆ ಕೊಕ್ಕೆ ಹಾಕುವವನು. ಗೊತ್ತು, ಅವನು ನಿಮ್ಮಪ್ಪಂಗೆ ಕಾಣೋ ಕಡೆನೇ ನಿಂತ್ಕೋತಾನೆ, ಕೈಸನ್ನೇಲಿ ಎಲ್ಲಾ ನಡೆಯುತ್ತೆ. ಅಮ್ಮ, ಕೊಕ್ಕೆ ಜಾರಿದ್ರೆ ಸೀಟಿ ಊದ್ತಾರೆ, ಆವಾಗ ಸನ್ನೆ ಮಾಡೋಕೆ ಯಾರಿಗೆ ಪುರಸೊತ್ತಿರುತ್ತೆ. ಅಮ್ಮ ಉಪ್ಪಿನ ಡಬ್ಬಿ ತೆಗೆದಳು, ಮುಚ್ಚಿದಳು. ಬರೋ ವಾರದಿಂದ ಅವನನ್ನ ಪ್ಯಾಕಿಂಗಿಗೆ ಹಾಕ್ತಾರಂತೆ, ಕೆಳಗೆ ಯಾರೋ ಹೊಸಬ ಬರ್ತಾನೆ, ಎಂದಳು, ಹೇಳಿದ ಮೇಲೆ ಹೇಳಬಾರದಿತ್ತೆಂಬಂತೆ ಬೆನ್ನು ತಿರುಗಿಸಿದಳು. ಅಪ್ಪ ನಮ್ಮಿಬ್ಬರ ಬಾಯಿಗಳನ್ನೂ ಓದಿರಬೇಕು. ಇದನ್ನೆಲ್ಲ ಬರೀಬೇಡ, ಬೇರೆ ಕಾರ್ಖಾನೆ ನೋಡ್ಕೋ, ಕ್ರೇನಿಂದ ಇಳಿಸಿದ್ರೆ ಕಸ ಗುಡಿಸೋಕೆ ಹಾಕ್ತಾರೆ ಕಣೆ ನನ್ನ, ಎಂದ, ಒಂದು ಬಟಾಣಿ ನೆಲಕ್ಕೆ ಬಿತ್ತು, ಅದರ ಸದ್ದು ನನಗೆ ಕೇಳಿಸಿತು.

ನೋಡಿಕೊಂಡೆ, ಬೇರೆ ಕಾರ್ಖಾನೆ ನೋಡಿಕೊಂಡೆ, ಗಾಜಿನ ಕಾರ್ಖಾನೆ, ಹಿಟ್ಟಿನ ಗಿರಣಿ, ಮರ ಕೊಯ್ಯುವ ಮಿಲ್ಲು, ಮಾದರಿಯ ಆಯ್ಕೆ ಎಂಬ ತಲೆಬರಹದ ಕೆಳಗೆ ಒಂದು ಸಾಲು, ಮೊಳೆ ಕಾರ್ಖಾನೆಯಲ್ಲಿ ಅನುಮತಿ ದೊರೆಯದ ಕಾರಣ ಅದನ್ನು ಕೈಬಿಡಲಾಗಿದೆ, ಕೈಬಿಡಲಾಗಿದೆ, ಎಂಥ ಒಳ್ಳೆಯ ಕ್ರಿಯಾಪದ, ಕೈಬಿಟ್ಟವರು ಯಾರೆಂದು ಹೇಳಬೇಕಾಗಿಲ್ಲ — ಚಪ್ಪಾಳೆ, ಗುಂಗುರು ಇಳಿದ, ನನ್ನ ಹೆಸರು ಕರೆದರು, ನಿಂತೆ, ಮಾತಾಡಿದೆ, ಏನು ಮಾತಾಡಿದೆನೋ, ನೊಣ ಹಾರಿಹೋಗಿತ್ತು, ಪರದೆ ಬದಲಾಗುತ್ತ ಹೋಯಿತು, ಪ್ರಶ್ನೆ, ಊಹೆ, ಅಳೆಯುವ ಕ್ರಮ, ಮಾದರಿ, ಅಲ್ಲಿ ಕನ್ನಡಕ ಮೂಗಿನ ತುದಿಗಿಳಿಯಿತು. ಎಲ್ಲಕ್ಕಿಂತ ಜಾಸ್ತಿ ಸದ್ದಿರೋದೇ ಮೊಳೆ ಕಾರ್ಖಾನೇಲಿ, ಅದನ್ನೇ ಬಿಟ್ಟಿದೀಯ, ಯಾಕಮ್ಮ. ಅನುಮತಿ ಸಿಗಲಿಲ್ಲ ಮೇಡಂ. ಯಾರನ್ನ ಕೇಳಿದೆ. ಬಾಯಿ ತೆರೆದೆ, ಮ್ಯಾನೇಜರ್ ಎನ್ನಬಹುದಿತ್ತು, ನಾಲಿಗೆಯ ತುದಿಗೆ ಬಂದಿತ್ತು, ಸಭಾಂಗಣದ ಅಷ್ಟೂ ಜನ ನನ್ನ ಬಾಯಿಯನ್ನೇ ನೋಡುತ್ತಿದ್ದಾರೆ ಅನ್ನಿಸಿತು, ಅಪ್ಪನ ಹಾಗೆ, ಕೇಳಿಲ್ಲ ಮೇಡಂ ಎಂದೆ. ಅಲ್ಲಿ ನನ್ನವರೊಬ್ಬರಿದ್ದಾರೆ, ಅಳೆದರೆ ಅವರ ಕೆಲಸ ಹೋಗುತ್ತೆ. ಯಾರೋ ಹಿಂದಿನಿಂದ ಕೆಮ್ಮಿದರು. ಯಾಕಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಅವರು ಕನ್ನಡಕ ತೆಗೆದದ್ದನ್ನು ನಾವು ಯಾರೂ ನೋಡಿರಲಿಲ್ಲ. ಹಾಗಿದ್ರೆ ಬಿಡು, ಬಿಡಬಹುದು, ಆದ್ರೆ ಹಾಗಂತಲೇ ಬರಿ, ಸಂಶೋಧಕಿಗೆ ಅಲ್ಲಿ ಸ್ವಂತ ಸಂಬಂಧ ಇದೆ ಅಂತ, ಸುಳ್ಳು ಕಾರಣ ಒಂದು ಸೇರಿದ್ರೆ ಮಿಕ್ಕಿದ್ದೆಲ್ಲ ಯಾರು ನಂಬ್ತಾರೆ. ಆಮೇಲೆ ತಗ್ಗಿದ ದನಿಯಲ್ಲಿ, ನನಗೊಬ್ಬಳಿಗೇ ಎಂಬಂತೆ, ಅವರಿಂದ ಬೇರೆಯವರಿಗೆ ಅಪಾಯ ಇದೆಯಾ ಎಂದರು. ಇದೆ ಎಂದೆ. ಅದು ನಿನ್ನ ಅಧ್ಯಯನದ ಪ್ರಶ್ನೆ ಅಲ್ಲಮ್ಮ, ಅದನ್ನ ಪ್ರಬಂಧದಲ್ಲಿ ಹುಡುಕ್ತಾ ಕೂರಬೇಡ. ಪ್ರಸ್ತಾವನೆ ತಿದ್ದಿ ತರಲು ಹೇಳಿದರು, ಒಪ್ಪಿದ ಹಾಗೆಯೇ, ಗುಂಗುರು ಕಾರಿಡಾರಿನಲ್ಲಿ ಪಾಸ್ ಕಣೇ, ಟೀ ಕುಡಿಯೋಣ ಬಾ ಅಂತಾನೆ, ಮೆಟ್ಟಿಲು ಇಳಿಯುತ್ತಿದ್ದೇನೆ, ಎರಡೆರಡು.

ಬಸ್ಸು ಏಕಿಷ್ಟು ನಿಧಾನ, ಕಂಡಕ್ಟರು ಎಲ್ಲಿಗೆ ಎಂದ, ಎಲ್ಲಿಗೆ ಎಂದು ಇನ್ನೊಮ್ಮೆ ಕೇಳಿದ, ಕಿವಿ ಕೇಳ್ಸಲ್ವೇನಮ್ಮ ಎಂದ, ಕಿಟಕಿಯ ಗಾಜಿಗೆ ಹಣೆ ತಾಗಿಸಿದರೆ ಗಾಜು ಗಡಗಡ ಅನ್ನುತ್ತದೆ, ಏನು ಹೇಳುವುದು, ಅಪ್ಪ ನೀನೇ ಹೋಗಿ ಹೇಳು, ಇಲ್ಲ, ಅಪ್ಪ ನಿನ್ನ ಒಳ್ಳೇದಕ್ಕೆ, ಥೂ, ಅದು ಅಮ್ಮನ ಮಾತು, ಅಪ್ಪ ಆ ಹೊಸಬನಿಗೂ ಮನೆಯಲ್ಲಿ ಯಾರೋ ಇರ್ತಾರೆ — ಮೊಳೆ ಕಾರ್ಖಾನೆಯ ಗೇಟು, ಪಾಳಿ ಬಿಟ್ಟಿದೆ, ಗಂಡಸರು ಗುಂಪಾಗಿ ಹೊರಬರುತ್ತಿದ್ದಾರೆ, ಯಂತ್ರದೆಣ್ಣೆಯ ವಾಸನೆ, ಅಪ್ಪನ ಬೆನ್ನು ಕಂಡಿತು, ಸ್ಟ್ಯಾಂಡಿನಿಂದ ಸೈಕಲ್ ತೆಗೆಯುತ್ತಿದ್ದಾನೆ, ಅಪ್ಪಾ ಎಂದು ಕೂಗಿದೆ, ಅಷ್ಟು ಜೋರಾಗಿ ನಾನು ಎಂದೂ ಕೂಗಿಲ್ಲ, ಸುತ್ತಲಿದ್ದವರೆಲ್ಲ ತಿರುಗಿದರು, ಯಾರ್ಯಾರದೋ ಅಪ್ಪಂದಿರು ತಿರುಗಿದರು, ಆ ಒಂದು ಬೆನ್ನು ತಿರುಗಲಿಲ್ಲ. ಓಡಿಹೋಗಿ ಎದುರಿಗೆ ನಿಂತೆ. ಏನೇ ಇಲ್ಲಿಗೆ ಬಂದಿದೀಯ, ಪಾಸಾಯ್ತಾ ಎಂದ, ಮುಖ ಅರಳಿತು. ಆಯ್ತಪ್ಪ. ನಿನ್ನ ಕಾರ್ಖಾನೆ ಬಿಟ್ಟೆ, ನಿನ್ನ ಬಗ್ಗೆ ಒಂದಕ್ಷರ ಬರೆಯಲ್ಲ. ಅವನ ಕಣ್ಣು ನನ್ನ ತುಟಿಯ ಮೇಲಿತ್ತು, ಒಂದೊಂದೇ ಪದ ಎತ್ತಿಕೊಳ್ಳುತ್ತಿತ್ತು. ಆದ್ರೆ ಆ ಹೊಸಬ ಬರೋಕೆ ಮುಂಚೆ ನೀನು ಸೂಪರ್‌ವೈಸರ್ ಹತ್ರ ಹೋಗಿ ಹೇಳು, ನಾನೂ ಜೊತೆಗೆ ಬರ್ತೀನಿ, ನೀನು ಹೇಳದೇ ಹೋದ್ರೆ ನಾನೇ — ಅಪ್ಪ ಕಣ್ಣು ಮುಚ್ಚಿಕೊಂಡ. ಸೈಕಲ್ಲಿನ ಹಿಡಿ ಹಿಡಿದು, ನಿಂತಲ್ಲೇ, ಕಿವಿಯನ್ನು ಕೈಯಿಂದ ಮುಚ್ಚಿಕೊಳ್ಳುವ ಮಕ್ಕಳ ಹಾಗೆ, ಗಟ್ಟಿಯಾಗಿ. ಅಪ್ಪ ಎಂದೆ. ಜನ ನಮ್ಮನ್ನು ಬಳಸಿಕೊಂಡು ಹೋಗುತ್ತಿದ್ದಾರೆ. ತೋಳು ಹಿಡಿದೆ, ಬಿಡಿಸಿಕೊಳ್ಳಲಿಲ್ಲ, ಕಣ್ಣು ತೆರೆಯಲೂ ಇಲ್ಲ, ನಾನೇ ಹೇಳ್ತೀನಿ ಎನ್ನುತ್ತಿದ್ದೇನೆ, ಕೇಳಿಸದ ಮುಖಕ್ಕೆ, ಮತ್ತೆ ಹೇಳುತ್ತಿದ್ದೇನೆ, ರೆಪ್ಪೆಯ ಅಂಚಿನಲ್ಲಿ ಕಬ್ಬಿಣದ ಪುಡಿ, ಒಳಗೆ ಕಣ್ಣುಗುಡ್ಡೆ ಅತ್ತಿತ್ತ ಅಲ್ಲಾಡುತ್ತಿದೆ, ಎಷ್ಟು ಹೊತ್ತು ಹೀಗೆ, ತೆರೆಯಲೇಬೇಕು, ತೆರೆಯದೆ ಮನೆಗೆ ಹೋಗುವುದಾದರೂ ಹೇಗೆ, ನಿಂತಿದ್ದೇನೆ, ಎದುರಿಗೇ, ಮುಚ್ಚಿದ ಕಣ್ಣು, ಅಪ್ಪನ ಮುಚ್ಚಿದ ಕಣ್ಣು