ಪಾತ್ರೆಗೆ ಪಾತ್ರರು

"ಕೂಟದ ಸಮಸ್ತ ಸಹೋದರ ಸಹೋದರಿಯರ ಪವಿತ್ರ ಗಮನಕ್ಕೆ: ಬರುವ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ, ಪ್ರಾರ್ಥನಾಪೂರ್ವಕವಾಗಿ, ಅಡುಗೆಮನೆಯ ಎಡಗಡೆ ಬೀರುವಿನ ಬೀಗವನ್ನು ತೆಗೆಯಲಾಗುವುದು."

ಅಮೆರಿಕದ ಸ್ಯಾನ್ ಮಟಿಯೋದ ಕನ್ನಡ ಕ್ರೈಸ್ತ ಕೂಟದ ಕಾರ್ಯದರ್ಶಿ ಮಧುಕರ್ ಇದನ್ನು ವಾಟ್ಸಾಪಿಗೆ ಹಾಕಿದಾಗ ಮೂವತ್ತು ಜನ ಕೈಮುಗಿದರು, ಒಬ್ಬರು ಹುಟ್ಟುಹಬ್ಬದ ಶುಭಾಶಯ ಕೋರಿದರು.

ಕೂಟ ಸೇರುವುದು ಆಫ್ರಿಕನ್ ಅಮೆರಿಕನ್ನರ ಚರ್ಚೊಂದರ ಸಭಾಂಗಣದಲ್ಲಿ. ಅವರು ಹೊರಡುವಾಗ ಇವರು ಬರುತ್ತಾರೆ. ಆರು ವರ್ಷದ ಸಹೋದರತ್ವವೆಲ್ಲ ಪಾರ್ಕಿಂಗ್ ಲಾಟಿನಲ್ಲಿ ಕೈಬೀಸುವುದರಲ್ಲೇ ಮುಗಿದಿತ್ತು. ಮೊದಲ ವರ್ಷ ಆ ಚರ್ಚಿನ ಹಿರಿಯ ಅರ್ಲ್, ಗೊತ್ತಿಲ್ಲದೆ, ಕೂಟದ ದೊಡ್ಡ ಪಾತ್ರೆಯಲ್ಲಿ ಚಿಕನ್ ಬೇಯಿಸಿದ್ದ. ಮಧುಕರ್ ಪಾತ್ರೆಯನ್ನು ಮೂರು ಸಲ ಉಜ್ಜಿ, ಬೀರುವಿನಲ್ಲಿಟ್ಟು ಬೀಗ ಹಾಕಿ, ನಿಯಮವನ್ನೂ ಬರೆದು ಬೀಗಿದ್ದ: ಪಾತ್ರೆ ಸದಸ್ಯರ ಊಟಕ್ಕೆ ಮಾತ್ರ. ಕೂಟದವರು ಅದರಲ್ಲಿ ಬೇಯಿಸುತ್ತಿದ್ದುದೂ ಚಿಕನ್ನೇ.

ಈಗ ಆ ಚರ್ಚಿಗೆ ದಕ್ಷಿಣ ಆಫ್ರಿಕಾದ ಡರ್ಬನ್ನಿನಿಂದ ಥಾಂಡೆಕಾ ಎಂಬ ಹೊಸ ಪಾದ್ರಿಯಮ್ಮ ಬಂದಿದ್ದರು. ಕೂಟಕ್ಕೂ ಬಂದು 'ಉಬುಂಟು' ಎಂದು ಬೋಧಿಸಿದರು. ಅರ್ಧ ಜನ ಅದನ್ನು ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ಮು ಅಂದುಕೊಂಡರು. "ನೀವಿರೋದರಿಂದಲೇ ನಾನು ಅಂತ ಅದರ ಅರ್ಥ," ಎಂದರು ಥಾಂಡೆಕಾ. "ಯೇಸು ಕೂಡ ಒಬ್ಬನೇ ಕೂತು ಊಟ ಮಾಡಿದವನಲ್ಲ."

ಮನೆಗೆ ಬರುವಾಗ ಕಾರಿನಲ್ಲಿ ಮಧುಕರನ ತಾಯಿ ಸಣ್ಣತಾಯಮ್ಮ ಬಾಯಿಬಿಟ್ಟರು. "ನಮ್ಮವ್ವಂಗೆ ಮಂಡ್ಯದ ಹೋಟ್ಲಲ್ಲಿ ಬ್ಯಾರೆ ಲೋಟ ಮಡಗ್ತಿದ್ರು ಕಣ್ಲಾ. ಅದುಕ್ಕೇ ತಾನೆ ನಮ್ಮಪ್ಪ ಕಿರಸ್ತಾನ ಆಗಿದ್ದು? ನೀನು ಇಷ್ಟು ದೂರ ಬಂದು ಪಾತ್ರೆ ಬ್ಯಾರೆ ಮಡಗಿದ್ದೀಯಲ್ಲ!"

ಮಧುಕರನಿಗೆ ಫ್ರೀವೇಯಲ್ಲೇ ಇಳಿದು ಹೋಗೋಣ ಅನಿಸಿತು. ಅರ್ಲ್‌ಗೆ ತನ್ನ ಕೈಯಾರೆ, ಅದೇ ಪಾತ್ರೆಯಿಂದ ಬಡಿಸಬೇಕು. ಇಲ್ಲದಿದ್ದರೆ ಅವನ ಮುಖ ನೋಡುವುದು ಹೇಗೆ? ಆ ರಾತ್ರಿಯೇ ಬೀಗ ತೆಗೆಯುವ ಪ್ರಕಟಣೆಯನ್ನು ವಾಟ್ಸಾಪಿಗೆ ಹಾಕಿದ್ದ.

ಭಾನುವಾರ ಆ ಪಾತ್ರೆಯಲ್ಲೇ ಕೂಟದವರೂ ಚರ್ಚಿನವರೂ ಸೇರಿ ಎಂಬತ್ತು ಜನಕ್ಕೆ ಪಲಾವು ಸಿದ್ಧವಾಯಿತು. ಸಾಲಿನಲ್ಲಿ ಮೊದಲು ನಿಂತವನು ಅರ್ಲ್. ಮಧುಕರ್ ಸೌಟು ಹಿಡಿದ. ಅಷ್ಟರಲ್ಲಿ ಕೂಟದ ಅಧ್ಯಕ್ಷ ವಿರುಪಾಕ್ಷಪ್ಪ ಫೈಲು ಹಿಡಿದು ಬಂದರು.

"ತಡೀರಿ ಕಾರ್ಯದರ್ಶಿಗಳೇ. ಬೀಗ ತೆಗೆದ್ರಿ, ನಿಯಮ ತೆಗೀಲಿಲ್ಲ. ಏಳನೇದು, ನೀವೇ ಬರೆದದ್ದು."

"ಹಾಗಾದ್ರೆ ಇವರನ್ನೆಲ್ಲ ಸದಸ್ಯರು ಮಾಡ್ಕೊಳ್ಳಿ ಸಾರ್, ಈಗ್ಲೇ!"

"ಮೂರನೇ ನಿಯಮ. ಸದಸ್ಯರಿಗೆ ಕನ್ನಡ ಮಾತಾಡೋಕೆ ಬರ್ಬೇಕು. ಅದೂ ನೀವೇ ಬರೆದದ್ದು."

"ಏನಂತೆ?" ಎಂದು ಅರ್ಲ್ ತಟ್ಟೆ ಹಿಡಿದೇ ಕೇಳಿದ. ಮಧುಕರ್ ಇಂಗ್ಲಿಷಿನಲ್ಲಿ ಹೇಳಬೇಕಾಯಿತು. ಎಷ್ಟು ಮೆತ್ತಗೆ ಹೇಳಿದರೂ ಅದು ಮೆತ್ತಗಾಗಲಿಲ್ಲ. ಸುಮ್ಮನೆ ಒಂದು ಸೌಟು ಬಡಿಸಿಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನಿಯಮ ಮುರಿದು ಬಡಿಸಿದರೆ, ಅದನ್ನು ಯಾಕೆ ಬರೆದೆ ಎಂದೂ ಅರ್ಲ್‌ಗೆ ಹೇಳಬೇಕಾಗುತ್ತಿತ್ತು. ಅವನ ಕೈ ಏಳಲಿಲ್ಲ.

"ಇಟ್ಸ್ ಓಕೆ, ನಮ್ಮ ಕಾರ್ನ್‌ಬ್ರೆಡ್ ಇದೆ," ಎಂದ ಅರ್ಲ್, ಮಧುಕರನ ಮುಖ ನೋಡದೆ. ಆ ಮರ್ಯಾದೆಯೇ ಮಧುಕರನನ್ನು ಹೆಚ್ಚು ಸುಟ್ಟಿತು.

ಮಧುಕರನ ಮಗಳು ಗಾನವಿ ತನ್ನ ಖಾಲಿ ತಟ್ಟೆ ಕೆಳಗಿಟ್ಟಳು. "ಅಪ್ಪಾ, ಐ ಡೋಂಟ್ ಸ್ಪೀಕ್ ಕನ್ನಡ ಈದರ್. ಸೋ ಐಯಾಮ್ ನಾಟ್ ಎ ಮೆಂಬರ್, ರೈಟ್?"

ವಿರುಪಾಕ್ಷಪ್ಪ ಪುಟ ತಿರುವಿ, ಗಂಟಲು ಸರಿಮಾಡಿಕೊಂಡರು. "ಟೆಕ್ನಿಕಲಿ... ಅಲ್ಲ."

ಗಾನವಿ ಅರ್ಲ್‌ನ ಹಿಂದೆ ಹೋದಳು. ಕೂಟದ ಇಪ್ಪತ್ತೆರಡು ಮಕ್ಕಳೂ ಹೋದರು. "ನಾನೂ ಇಂಗ್ಲಿಸ್ನೋಳೇ ಕಣ್ಲಾ ಇವತ್ತು," ಎಂದು ಸಣ್ಣತಾಯಮ್ಮನೂ ಎದ್ದರು.

ವಿರುಪಾಕ್ಷಪ್ಪ ಉಳಿದವರ ತಲೆ ಎಣಿಸಿದರು.

"ಹನ್ನೊಂದು ಜನ ಅರ್ಹರಿದ್ದೀವಿ. ಬಡಿಸ್ಬಹುದು, ಕಾರ್ಯದರ್ಶಿಗಳೇ."