ಬೇಲಿಯಾಚೆಯ ಹುಲ್ಲು

"ಆ ಪಡುವಣ ಬೇಲಿಯ ಆಚೆ ಯಾರನ್ನಾದರೂ ಹೂತಿದ್ದೀರಾ?"

ಹೊಸ ಸ್ವಾಮಿಗಳು ಹೀಗೆ ಕೇಳಿದ್ದೇ ತಡ, ಚರ್ಚಿನ ಅಂಗಳದಲ್ಲಿ ಕುಳಿತಿದ್ದ ಗಂಡಸರೆಲ್ಲ ನೆಲ ನೋಡತೊಡಗಿದರು. ಭಾನುವಾರದ ಪೂಜೆ ಮುಗಿದಿತ್ತು. ಮಹಾಯುದ್ಧ ನಿಂತ ಮೇಲೆ ಮಧುರೆ ಹೋಬಳಿಯ ಆ ಕ್ರೈಸ್ತರ ಪಾಳ್ಯಕ್ಕೆ ಮುಂದಿನ ಯೋಚನೆ ಹತ್ತಿಕೊಂಡಿತ್ತು. ಶಾಲೆಗೆ ಇನ್ನೊಂದು ಕೋಣೆ, ಚರ್ಚಿಗೆ ಹೊಸ ಹೆಂಚು, ಎಲ್ಲಕ್ಕಿಂತ ಮೊದಲು ಸ್ಮಶಾನ. ಒಂದೇ ಗೋಡೆಗೆ ಎರಡು ಸಂಸಾರ ಆತುಕೊಂಡು ಬದುಕುವ ಊರು, ಸತ್ತವರಿಗೆ ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಸಾಲುವಷ್ಟು ಜಾಗ ಹುಡುಕುತ್ತಿತ್ತು.

ಪಡುವಣ ಬೇಲಿ ಕಿತ್ತು ಕಲ್ಲಿನ ಗೋಡೆಯನ್ನು ಆಚೆಗೆ ಹಾಕುವುದು, ಯೇಸು ಸತ್ತು ಎದ್ದ ಪಾಸ್ಕ ಹಬ್ಬದ ಬೆಳಿಗ್ಗೆ ಆ ನೆಲವನ್ನು ಮಂತ್ರಿಸಿ ಪವಿತ್ರ ಮಾಡುವುದು ಎಂದು ತೀರ್ಮಾನವಾಗಿತ್ತು.

"ಜ್ಞಾನಸ್ನಾನ ಆಗದವರ ಮೂಳೆ ಅಲ್ಲಿದ್ದರೆ ಮೊದಲು ಅಗೆದು ಹೊರಗೆ ಸಾಗಿಸಬೇಕು. ಧರ್ಮಸಭೆಯ ಕಟ್ಟಳೆ. ಅದಕ್ಕೇ ಕೇಳ್ತಿದ್ದೀನಿ," ಎಂದರು ಸ್ವಾಮಿಗಳು. ಕೆಟ್ಟವರಲ್ಲ, ಊರಿಗೆ ಹೊಸಬರು, ಅಷ್ಟೆ.

"ಏನೂ ಇಲ್ಲ ಸ್ವಾಮಿ. ಬರೀ ಹುಲ್ಲು."

ಹೇಳಿದವಳು ಆರೋಗ್ಯಮ್ಮ. ಹೆಂಗಸರ ಗುಂಪಿನ ಹಿಂದೆ ಕೂರುವ ಈ ವಿಧವೆ ಸಭೆಯಲ್ಲಿ ಯಾವತ್ತೂ ಬಾಯಿ ಬಿಟ್ಟವಳಲ್ಲ. ತನ್ನ ದನಿಗೆ ತಾನೇ ಬೆಚ್ಚಿದಳು.

ಆ ಹುಲ್ಲಿನ ಕೆಳಗೆ ಅವಳ ಚೊಚ್ಚಲ ಮಗ ಇದ್ದ. ಒಂದು ಸಲ ಅತ್ತು ನೀಲಿಗಟ್ಟಿದ ಕೂಸು ಸಾಯುವ ಮುಂಚೆ ಕ್ರೈಸ್ತನಾಗಲಿ ಎಂದು ಅತ್ತೆ ಗಾಬರಿಯಲ್ಲಿ ಕೈಗೆ ಸಿಕ್ಕ ಚೊಂಬನ್ನು ಅದರ ತಲೆಗೆ ಬಗ್ಗಿಸಿ, ಹೇಳಬೇಕಾದ ಮಾತನ್ನೆಲ್ಲ ಸರಿಯಾಗಿಯೇ ಹೇಳಿ ಜ್ಞಾನಸ್ನಾನ ಕೊಟ್ಟಿದ್ದಳು. ಚೊಂಬಿನಲ್ಲಿದ್ದದ್ದು ಮಜ್ಜಿಗೆ. ಅತ್ತೆ ಸುಳ್ಳಾಡದ ಹೆಂಗಸು. ಆಗಿನ ಸ್ವಾಮಿಗಳಿಗೆ ಇದ್ದದ್ದನ್ನು ಇದ್ದಂತೆ ಹೇಳಿದಳು. ನೀರಲ್ಲವಾದ್ದರಿಂದ ಅದು ಸ್ನಾನವೇ ಅಲ್ಲ ಎಂದಾಯಿತು. ಸಾವಿನ ಗಂಟೆ ಹೊಡೆಯಲಿಲ್ಲ. ಅಪ್ಪನೊಬ್ಬನೇ ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ಹೋಗಿ ಬೇಲಿಯಾಚೆ ಇಟ್ಟು ಬಂದ. ಆ ಊರಿನಲ್ಲಿ ಅದು ಅಪ್ಪಂದಿರ ಕೆಲಸ. ಎಲ್ಲಿ ಎಂದು ತಾಯಂದಿರು ಕೇಳುವಂತಿರಲಿಲ್ಲ.

ಬಸುರಿಯರು ಸಂಜೆಯಾದರೆ ಆ ದಾರಿ ತುಳಿಯುತ್ತಿರಲಿಲ್ಲ. ಅಳು ಕೇಳಿಸುತ್ತದೆ ಎನ್ನುತ್ತಿದ್ದರು. ಆರೋಗ್ಯಮ್ಮನಿಗೆ ಅದು ಎಲ್ಲಿದ್ದರೂ ಕೇಳಿಸುತ್ತಿತ್ತು. ರಾಗಿ ಬೀಸುವಾಗ, ಪೂಜೆಯ ನಡುವೆ ಎಲ್ಲರೂ ಸುಮ್ಮನಾದಾಗ. ಹೆದರಿಕೆಯಾಗುತ್ತಿರಲಿಲ್ಲ. ಎತ್ತಿಕೊಳ್ಳಲಾಗುವುದಿಲ್ಲವಲ್ಲ ಎಂದು ಎದೆ ಉರಿಯುತ್ತಿತ್ತು. ಅತ್ತೆ ಸತ್ತಳು, ಗಂಡ ಸತ್ತ. ಇಬ್ಬರೂ ಬೇಲಿಯೊಳಗೆ ಮಲಗಿದರು. ಮಗ ಮಾತ್ರ ಬೆಳೆಯದೆ, ಹಸಿದುಕೊಂಡು, ಹೊರಗೇ ಉಳಿದಿದ್ದ.

ಸಭೆ ಚೆದುರಿದ ಮೇಲೆ ಊರ ಹಿರಿಯ ಚೌರಪ್ಪ ಅವಳನ್ನು ಬಾವಿಯ ಹತ್ತಿರ ನಿಲ್ಲಿಸಿದ.

"ಅಲ್ಲ ಕಣಮ್ಮ, ಸ್ವಾಮ್ಗಳ ಮುಂದೆ ಅಂಗಂದ್ಬಿಟ್ಯಲ್ಲ!"

"ನೀನ್ಯಾಕಣ್ಣ ನಿಜ ಹೇಳ್ಲಿಲ್ಲ?"

ಚೌರಪ್ಪ ಬಾವಿಯೊಳಗೆ ಬಗ್ಗಿ ನೋಡಿದ. "ನಂದೂ ಎರಡು ಕೂಸವೆ ಅಲ್ಲಿ. ಯಾರ ಮನೇದಿಲ್ಲ ಹೇಳು?"

"ಹಾರೆ ಹಾಕಿ ಅಗೀತಾರೆ ಕಣಣ್ಣ."

"ಗೊತ್ತು. ಆದ್ರೆ ಪಾಸ್ಕಕ್ಕೆ ಸ್ವಾಮ್ಗಳತ್ರ ಪಾಪನಿವೇದ್ನೆ ಮಾಡ್ಬೇಕಲ್ಲ, ಅಲ್ಲೇನಂತೀಯ? ಸುಳ್ಳೇಳಿದ್ದೆ ಅಂದ್ರೆ, ಮೊದ್ಲು ನಿಜ ಹೇಳು, ಆಮೇಲೆ ಕ್ಷಮಾಪಣೆ ಅಂತಾರೆ. ಮುಚ್ಚಿಟ್ಕೊಂಡು ಸತ್ಪ್ರಸಾದ ತಗೊಂಡ್ರೆ ಇನ್ನೂ ದೊಡ್ ಪಾಪ."

"ತಗೊಳಲ್ಲ."

"ಪಾಸ್ಕದ ಪ್ರಸಾದ ಬಿಟ್ಟೋರ್ನ ಒಳಗೆ ಮಣ್ಣು ಮಾಡಲ್ಲ ಕಣಮ್ಮ. ನೀನು ಆಚೆ ಬೀಳ್ತೀಯ!"

"ಬೀಳ್ತೀನಿ ಬಿಡು," ಎಂದಳು ಆರೋಗ್ಯಮ್ಮ. "ಅವ್ನು ಒಳಕ್ಕೋದ್ರೆ ಸಾಕು." ಚೌರಪ್ಪ ಅವಳ ಕೊಡವನ್ನು ತಾನೇ ಸೇದಿ ತುಂಬಿಸಿಕೊಟ್ಟು ಹೋದ.

ಗೋಡೆ ಎದ್ದಿತು. ಒಳಗಿನ ಹುಲ್ಲಿಗೆ ಗುದ್ದಲಿ ತಾಗದಂತೆ ಚೌರಪ್ಪ ಬಿಸಿಲಲ್ಲಿ ನಿಂತು ಪಾಯ ತೋಡಿಸಿದ. ಹಬ್ಬದ ಮುಂಚಿನ ವಾರ ಜನ ಪಾಪನಿವೇದನೆಗೆ ಹೋಗುವ ಹೊತ್ತಿನಲ್ಲಿ ಆರೋಗ್ಯಮ್ಮ ಆ ಕಡೆ ತಲೆ ಹಾಕಲಿಲ್ಲ. ನರಕದ ಭಯ ಇಲ್ಲದವಳೇನಲ್ಲ, ಹುಟ್ಟಿದಾಗಿನಿಂದ ಅದರಲ್ಲೇ ಬೆಳೆದವಳು. ರಾತ್ರಿಯೆಲ್ಲ ಎದ್ದು ಕೂತು ಜಪಸರ ಎಣಿಸುತ್ತಿದ್ದಳು.

ಹಬ್ಬದ ಬೆಳಿಗ್ಗೆ ಸ್ವಾಮಿಗಳು ಗೋಡೆಯುದ್ದಕ್ಕೂ ನಡೆದು, ಹುಲ್ಲಿನ ಮೇಲೆಲ್ಲ ಮಂತ್ರಿಸಿದ ನೀರು ಚಿಮುಕಿಸಿದರು. ಆರೋಗ್ಯಮ್ಮ ಕಿವಿಗೊಟ್ಟು ನಿಂತಳು. ಗಾಳಿ ಬಿಟ್ಟರೆ ಬೇರೇನೂ ಕೇಳಿಸಲಿಲ್ಲ.

ಆಮೇಲೆ ಪೂಜೆ. ಪ್ರಸಾದದ ಗಂಟೆ ಬಾರಿಸಿದಾಗ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಲ್ಲೇ ಕೂತಳು. ಎಲ್ಲರೂ ಎದ್ದು ಹೋದರೆ ತಾನೊಬ್ಬಳೇ ಕಾಣುತ್ತೇನಲ್ಲ ಎಂದು ಅಳುಕಿದಳು. ಕಣ್ಣು ಮುಚ್ಚಿ ಜನರ ಕಾಲಸಪ್ಪಳಕ್ಕೆ ಕಾದಳು. ಕೆಲವೇ ಹೆಜ್ಜೆ ಕೇಳಿಸಿ ನಿಂತುಹೋದವು.

ಕಣ್ಣು ತೆರೆದಳು. ಪಕ್ಕದಲ್ಲಿ ಚೌರಪ್ಪನ ಹೆಂಡತಿ ಅಲುಗದೆ ಕೂತಿದ್ದಳು. ಅವಳಾಚೆಯವಳೂ. ಗಂಡಸರ ಕಡೆ, ಪ್ರತಿ ವರ್ಷ ಎಲ್ಲರಿಗಿಂತ ಮೊದಲು ಏಳುವ ಚೌರಪ್ಪ ತಲೆ ತಗ್ಗಿಸಿದ್ದ. ಪೂಜಾಪೀಠದ ಮುಂದಿನ ಕಟಕಟೆಯ ಬಳಿ ಮದುವೆಯಾಗದ ಕೆಲವು ಹುಡುಗ ಹುಡುಗಿಯರು ಮಾತ್ರ ಮಂಡಿಯೂರಿದ್ದರು. ಅವರಿಗೆ ಕೊಟ್ಟು ಮುಗಿಸಿದ ಸ್ವಾಮಿಗಳು, ಪ್ರಸಾದದ ಬಟ್ಟಲನ್ನು ಎದೆಗೆ ಹಿಡಿದು, ತುಂಬಿದ ಚರ್ಚಿನ ಕಡೆ ನೋಡುತ್ತಾ, ಇನ್ನೂ ಬರುವವರಿಗಾಗಿ ಕಾಯುತ್ತ ನಿಂತಿದ್ದರು.