ಚಾಲೂ ಇದ್ದ ಗಾಡಿ

ಡಿಸೆಂಬರ್ ಬಂತೆಂದರೆ ಸಿದ್ದೇಶನ ಹಳೆಯ ಮೋಟಾರ್‌ಸೈಕಲ್ ಬೆಳಿಗ್ಗೆ ಸುಲಭಕ್ಕೆ ಏಳುತ್ತಿರಲಿಲ್ಲ. ಹಿಟ್ನಾಳದ ಹತ್ತಿರದ ಊರಿನಿಂದ ಅವನು ದಿನಾ ಅದರ ಮೇಲೆ ಕೊಪ್ಪಳಕ್ಕೆ ಹೋಗುತ್ತಿದ್ದ. ಅಲ್ಲಿ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ. ಎದ್ದ ಕೂಡಲೇ ಗಾಡಿಯನ್ನು ಅಂಗಳಕ್ಕೆ ತಂದು, ಚೋಕ್ ಎಳೆದು, ಕಿಕ್ ಹೊಡೆಯುತ್ತಿದ್ದ. ಅದು ಕೆಮ್ಮಿ, ಹೊಗೆ ಉಗುಳಿ, ಕಡೆಗೊಮ್ಮೆ ಒಂದೇ ಸಮನೆ ಓಡತೊಡಗಿದ ಮೇಲೆ ಚೋಕ್ ಒತ್ತಿ, ಹಾಗೇ ಬಿಟ್ಟು ಸ್ನಾನಕ್ಕೆ ಹೋಗುತ್ತಿದ್ದ.

"ಪೆಟ್ರೋಲ್ ಸುಮ್ನ ಸುಡ್ತೀಯಲ್ಲೋ" ಎಂದು ತಾಯಿ ಕಳಕಮ್ಮ ಗೊಣಗುವಳು.

"ಇಂಜಿನ್ ಬಿಸಿ ಆಗಬೇಕಬೇ. ಎದ್ದ ಗಳಿಗಿಗೆ ಎತ್ತಿಗಾದ್ರೂ ನೊಗ ಹಾಕ್ತಾರೇನು?"

ಗಾಡಿ ಒರೆಸುವುದು, ಹೊರತರುವುದು ಎಲ್ಲ ಅವನದೇ. ಹೆಂಡತಿ ಮಲ್ಲೇಶ್ವರಿ ಹಿಂದಿನ ಸೀಟಿನಲ್ಲಿ ಕೂತವಳು, ಅಷ್ಟೇ. ಆದರೆ ಇಟಗಿಯ ತವರಿನಲ್ಲಿದ್ದಾಗ ಅವಳು ಅಪ್ಪನ ಗಾಡಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗಿ ಬರುತ್ತಿದ್ದಳು. ಅದನ್ನೇನೂ ಮುಚ್ಚಿಟ್ಟಿರಲಿಲ್ಲ. ಹೆಣ್ಣು ನೋಡಲು ಬಂದವರು ರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದ್ದರು. ಗಾಡಿಯ ಮಾತು ಯಾರೂ ಎತ್ತಿರಲಿಲ್ಲ.

ಆ ದಿನವೂ ಸಿದ್ದೇಶ ಗಾಡಿ ಚಾಲೂ ಮಾಡಿಟ್ಟು ಬಚ್ಚಲಿಗೆ ಹೋಗಿದ್ದ. ಪಕ್ಕದ ಮನೆಯ ಮುದುಕವ್ವ ಒಲೆಗೆಂದು ಹಿತ್ತಲಿನ ಹತ್ತಿಕಟ್ಟಿಗೆಯ ರಾಶಿಗೆ ಕೈ ಹಾಕಿ ಚೀರಿದಳು. ಮಲ್ಲೇಶ್ವರಿ ಓಡಿಹೋದಾಗ ಮುದುಕಿ ಮುಂಗೈ ಹಿಡಿದುಕೊಂಡು ನೆಲದ ಮೇಲೆ ಕೂತಿದ್ದಳು.

"ಹುಳ ಮುಟ್ಟೇತವಾ" ಎಂದಳು ಅವಳ ಸೊಸೆ ರೂಪಾ. "ಕೊಳಕಮಂಡಲ ಹಾವು. ನಾನ ನೋಡೀನಿ, ಇಷ್ಟು ದಪ್ಪ ಇತ್ತು."

ರೂಪಾಳ ಗಂಡ ಗಾಳೇಶ ಭತ್ತ ಕೊಯ್ಯುವ ಯಂತ್ರದ ಜೊತೆ ಗಂಗಾವತಿ ಕಡೆ ಹೋಗಿದ್ದ. ಆಂಬ್ಯುಲೆನ್ಸ್‌ಗೆ ಫೋನ್ ಹಚ್ಚಿದರೆ, ಅದು ಬೇರೆ ಊರಿನಲ್ಲಿದೆ, ಬರಲು ಹೊತ್ತಾಗುತ್ತದೆ ಎಂದರು. ಮಲ್ಲೇಶ್ವರಿ ಓಡಿಬಂದು ಬಚ್ಚಲ ಬಾಗಿಲು ಬಡಿದಳು. ಗಾಡಿಯ ಸದ್ದು, ನೀರಿನ ಸದ್ದು. ಒಳಗಿನಿಂದ "ಬಂದೆ, ಬಂದೆ, ನಾಷ್ಟಾ ಹಚ್ಚು" ಎಂಬ ಉತ್ತರ ಬಂತು.

ಅವಳು ಇನ್ನೊಮ್ಮೆ ಬಡಿಯಲಿಲ್ಲ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಗಿಸಿದಳು.

"ರೂಪಾ, ಆಯೀನ ನಡುವ ಕುಂದರಸು. ನೀ ಹಿಂದ ಗಟ್ಟಿ ಹಿಡಕೊಂಡು ಕುಂಡ್ರು. ಆಯಿ, ಕೈ ಅಲಗಾಡಸಬ್ಯಾಡ."

"ಗಾಡಿ ಯಾರು ಹೊಡೀತಾರ?" ಕಳಕಮ್ಮ ಕೇಳಿದಳು.

"ನಾನ ಹೊಡೀತೀನ್ರಿ ಅತ್ತಿ."

"ಹುಚ್ಚಿ ಆಗೀಯೇನು?" ಎನ್ನುವಷ್ಟರಲ್ಲಿ ಗಾಡಿ ಅಂಗಳ ದಾಟಿತ್ತು.

ಮೂವರ ಭಾರಕ್ಕೆ ಹ್ಯಾಂಡಲ್ ಮೊದಲು ಅತ್ತಿತ್ತ ಓಲಾಡಿತು. ಇಂಜಿನ್ ಮಾತ್ರ ಬಿಸಿಯಾಗಿದ್ದರಿಂದ ಎಲ್ಲೂ ಬಿಕ್ಕಲಿಲ್ಲ. ಹೆದ್ದಾರಿ ಹತ್ತಿದಾಗ ಪಕ್ಕದಲ್ಲೇ ಲಾರಿಯೊಂದು ಹಾರ್ನ್ ಹಾಕಿಕೊಂಡು ಹೋಯಿತು. ಮಲ್ಲೇಶ್ವರಿ ಗಾಡಿಯನ್ನು ರಸ್ತೆಯ ಅಂಚಿಗೆ ತಂದಳು. ಹಾಲಿನ ಕ್ಯಾನು ನರಳುವುದಿಲ್ಲ, ಬಿದ್ದರೆ ಹಾಲಷ್ಟೇ ಹೋಗುತ್ತದೆ. ಈಗ ಬೆನ್ನಿಗೆ ಒರಗಿದ ಮುದುಕಿಯ ತಲೆ ದಾರಿ ಸಾಗಿದಂತೆಲ್ಲ ಭಾರವಾಗುತ್ತಿತ್ತು.

"ಆಯಿ, ಮಾತಾಡು. ನಿದ್ದಿ ಮಾಡಬ್ಯಾಡ."

"ಏನು ಮಾತಾಡ್ಲಿ... ಮೆಲ್ಲಕ ಹೊಡಿಯವಾ, ಬಿದ್ದು ಸಾಯ್ತೀನಿ."

ರೂಪಾ ಅಳುತ್ತಲೇ ನಕ್ಕುಬಿಟ್ಟಳು.

ಕೊಪ್ಪಳದ ಆಸ್ಪತ್ರೆಯಲ್ಲಿ ಮುದುಕವ್ವನನ್ನು ಕೂಡಲೇ ಒಳಗೆ ಕರೆದುಕೊಂಡು ಔಷಧ ಏರಿಸಿದರು. ಕೈ ಮೊಣಕೈವರೆಗೆ ಊದಿತ್ತು. "ಲಗೂನ ತಂದ್ರಿ, ಛಲೋ ಆತು" ಎಂದು ಡಾಕ್ಟರು ಹೇಳಿದ ಮೇಲೆ ಮಲ್ಲೇಶ್ವರಿ ಹೊರಗೆ ಕಟ್ಟೆಯ ಮೇಲೆ ಬಂದು ಕೂತಳು. ಸೊಂಟಕ್ಕೆ ಸಿಗಿಸಿದ್ದ ನೆರಿಗೆಯನ್ನು ಆಗ ಇಳಿಬಿಟ್ಟಳು.

ಸಿದ್ದೇಶ ಬಂದದ್ದು ಓಣಿಯ ಫಕ್ರುದ್ದೀನನ ಗಾಡಿಯ ಮೇಲೆ. ಕಿವಿಯ ಹಿಂದೆ ಸಾಬೂನು ಹಾಗೇ ಇತ್ತು. ಬಚ್ಚಲಿನಿಂದ ಬಂದವನು ಗಾಡಿ ಕಾಣದೆ ಕಳ್ಳರು ಒಯ್ದರೆಂದು ಟವೆಲ್ಲಿನಲ್ಲೇ ಓಣಿಗೆ ಓಡಿದ್ದನಂತೆ; ತಾಯಿ ಕೂಗಿ ಕರೆದು ನಡೆದದ್ದು ಹೇಳಿದಳಂತೆ.

"ಮುದುಕವ್ವ ಹೆಂಗದಾಳ?"

"ಅದಾಳ್ರಿ. ಉಳೀತಾಳಂತ."

ಅವನು ಉಸಿರು ಬಿಟ್ಟ. ಆಮೇಲೆ ಹೋಗಿ ಗಾಡಿಯ ಸುತ್ತ ಒಂದು ಸುತ್ತು ಬಂದ. ಎಲ್ಲೂ ತರಚಿರಲಿಲ್ಲ. ಹೆಂಡತಿ ನೋಡುತ್ತಿದ್ದಾಳೆಂದು ಗೊತ್ತಾಗಿ ನಾಚಿಕೆಯಾಯಿತು. ಚಹಾ ತಂದುಕೊಟ್ಟು ಅವಳ ಪಕ್ಕದಲ್ಲಿ ಕೂತ.

"ಹೈವೇದಾಗ ನನಗ ಇನ್ನೂ ಅಂಜಿಕಿ ಆಕ್ಕೈತಿ. ನೀ ಇಬ್ಬರನ್ನ ಹಿಂದ ಕುಂದರಿಸಿಕೊಂಡು ಹೆಂಗ ಬಂದಿ?"

"ನನಗೂ ಅಂಜಿಕಿ ಬಂದಿತ್ರಿ" ಎಂದಳು ಅವಳು.

ರೂಪಾ ಆಸ್ಪತ್ರೆಯಲ್ಲೇ ಉಳಿದಳು. ಮಧ್ಯಾಹ್ನ ಗಾಳೇಶ ಬಂದ ಮೇಲೆ ಗಂಡ-ಹೆಂಡಿರು ಊರಿಗೆ ಹೊರಟರು. ಸಿದ್ದೇಶ ಕೀಲಿ ಕೈಯಲ್ಲಿ ಹಿಡಿದು ನಿಂತ, ಆಮೇಲೆ ಅವಳಿಗೇ ಕೊಟ್ಟ. "ಹೊಡಿ. ನೋಡೋಣು."

ಸ್ವಲ್ಪ ದೂರ "ಗೇರ್ ಬದಲಿ ಮಾಡು, ಬಗಲಿಗೆ ಸರಿ" ಎನ್ನುತ್ತಿದ್ದ. ಅಷ್ಟರೊಳಗೆ ಅವಳು ಅದನ್ನೆಲ್ಲ ಮಾಡಿ ಮುಗಿಸಿರುತ್ತಿದ್ದಳು. ಅವನು ಹೇಳುವುದನ್ನು ಬಿಟ್ಟು ರಸ್ತೆ ನೋಡತೊಡಗಿದ. ಊರು ಹತ್ತಿರವಾದಾಗ ಅವಳು ವೇಗ ತಗ್ಗಿಸಿದಳು.

"ನೀವ ಹೊಡೀತೀರೇನ್ರಿ? ಮಂದಿ ನೋಡ್ತಾರ."

ಅವನು ಹಿಂದಿನ ಸೀಟಿನಲ್ಲಿ ನೆಟ್ಟಗೆ ಕೂತ. ಆಮೇಲೆ ಹೇಳಿದ: "ನೋಡ್ಲಿ ಬಿಡು. ನಡಿ ಮನಿಗೆ."

ಕಳಕಮ್ಮ ಕಟ್ಟೆಯ ಮೇಲೆ ಕೂತಿದ್ದಳು. ಮುದುಕವ್ವನ ಸುದ್ದಿಯನ್ನೆಲ್ಲ ಕೇಳಿಕೊಂಡು ದೇವರಿಗೆ ಕೈ ಮುಗಿದಳು. ಮಗ ಒಳಗೆ ಹೋಗುವುದನ್ನೇ ಕಾದಿದ್ದು, ಸೊಸೆಯನ್ನು ಹತ್ತಿರ ಕರೆದಳು.

"ಅಂವ ಯಾವಾಗ ಕೇಳಿದ್ರೂ ಪುರಸೊತ್ತಿಲ್ಲ ಅಂತಾನ. ಐತವಾರ ನನ್ನ ಹೇಮಗುಡ್ಡದ ಗುಡಿಗೆ ಕರಕೊಂಡು ಹೋಗಿ ಬರ್ತೀಯೇನವಾ?"